ಬಂಡೆಯ ದಿಕ್ಕಿಗೆ ಮುಚ್ಚಿದ ಬಾಗಿಲು

ಕಲ್ಲಿನೊಳಗಿನ ಹಳೇ ಕಾಲದ ಅಯಸ್ಕಾಂತವನ್ನು ಓದುವವರಿಂದ ನಮಗೆ ಆದದ್ದು ಇಷ್ಟೇ: ನನ್ನ ಮಗಳ ಅಂಗಡಿಯ ಬಾಗಿಲು ಮುಚ್ಚಿತು. ಬೇರೆ ಯಾರಿಗಾದರೂ ಒಳ್ಳೆಯದಾಗಿದ್ದರೆ ಅವರು ಬರೆದುಕೊಳ್ಳಲಿ.

ನಾನಿರುವುದು ಹಿಂದೂಪುರದಲ್ಲಿ. ಮಗಳನ್ನು ಕೊಟ್ಟಿರುವುದು ಕಲ್ಯಾಣದುರ್ಗಕ್ಕೆ, ನನ್ನ ಸ್ವಂತ ತಮ್ಮನ ಮಗನಿಗೆ. ಸೋದರತ್ತೆಯಾಗಿ ನಾನೇ ಸೊಂಟದ ಮೇಲೆ ಎತ್ತಿ ಆಡಿಸಿದ ಹುಡುಗ, ಅಳಿಯನೆಂದು ಬಹುವಚನ ಕೊಡುವ ಕಷ್ಟ ನನಗಿಲ್ಲ. ಮಗಳು ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ. ಬಾಗಿಲು ಉತ್ತರಕ್ಕೆ, ಬಸ್ಸು ನಿಲ್ಲುವ ರಸ್ತೆಗೆ. ಬ್ರಹ್ಮಸಮುದ್ರದ ಕಡೆಯ ಹೆಂಗಸರು ಬಸ್ಸಿಳಿದು, ಬಟ್ಟೆ ಕೊಟ್ಟು, ಸಂತೆ ಮುಗಿಸಿಕೊಂಡು ಹೋಗುವಾಗ ಹೊಲಿದದ್ದನ್ನು ಒಯ್ಯುತ್ತಿದ್ದರು. ಆ ಮನೆಯಲ್ಲಿ ಒಲೆ ಉರಿಯುವುದು ಅದರಿಂದ. ಅಳಿಯನ ಕಸುಬು ಏನೆಂದು ನನಗೆ ಇನ್ನೂ ತಿಳಿದಿಲ್ಲ.

ಅವರ ಮನೆಯ ಹಿಂದೆ ಕರಿಬಂಡೆಯ ದಿಣ್ಣೆ ಇದೆ. ಅಲ್ಲಿಗೆ ಒಬ್ಬ ವಿಜ್ಞಾನಿ ಹೆಂಗಸು ಜೀಪಿನಲ್ಲಿ ಬಂದಳು. ಮಿಷನ್ ಇಟ್ಟು, ನೀರು ಬಿಟ್ಟು, ಬಂಡೆಯಲ್ಲಿ ಹೆಬ್ಬೆರಳು ಹೋಗುವಷ್ಟು ತೂತು ಕೊರೆದು, ಕಲ್ಲಿನ ತುಂಡುಗಳನ್ನು ಕಿತ್ತುಕೊಂಡಳು. ಒಂದೊಂದರ ಮೇಲೂ ಬಾಣದ ಗುರುತು. ನೀರಿನ ಕ್ಯಾನು ಹೊತ್ತವನು ನಮ್ಮ ಅಳಿಯನೇ. ಇದೇನೆಂದು ಕೇಳಿದ್ದಾನೆ. ಬೆಂಕಿಯಂತಿದ್ದ ಕಲ್ಲು ಆರುವಾಗ ಆಗಿನ ಉತ್ತರ ದಿಕ್ಕನ್ನು ಒಳಗೆ ಹಿಡಿದಿಟ್ಟುಕೊಂಡಿದೆ, ಆಮೇಲೆ ನೆಲವೇ ಸರಿದು ತಿರುಗಿದ್ದರಿಂದ ಅದು ಈಗ ಬೇರೆ ಕಡೆ ತೋರಿಸುತ್ತದೆ ಎಂದು ಅವಳು ದಕ್ಷಿಣದ ಕಡೆ ಕೈ ಚಾಚಿ ತೋರಿಸಿದಳಂತೆ. ತೋರಿಸಿ ಹೊರಟುಹೋದಳು.

ಇವನು ನೆಟ್ಟಗೆ ವಾಸ್ತು ಸಿದ್ಧಾಂತಿಯ ಹತ್ತಿರ ಓಡಿದ. ಅವನಿಗೆ ಇದಕ್ಕಿಂತ ಇನ್ನೇನು ಬೇಕು? ಬಂಡೆಯ ಉತ್ತರದಿಂದ ಲೆಕ್ಕ ಹಿಡಿದರೆ ನಿಮ್ಮ ಬಾಗಿಲು ಯಮನ ದಿಕ್ಕಿಗೆ ಬಿದ್ದಿದೆ, ಮುಚ್ಚಿ ಎಂದ. ನಮ್ಮ ಕಡೆ ಉತ್ತರಕ್ಕೆ ತಲೆ ಇಟ್ಟು ಯಾರೂ ಮಲಗುವುದಿಲ್ಲ. ಇಷ್ಟು ವರ್ಷ ಗೊತ್ತಿಲ್ಲದೆ ಅಲ್ಲಿಗೇ ತಲೆ ಇಟ್ಟಿದ್ದೆವೆಂದು ಬೀದಿಯ ಜನವೆಲ್ಲ ಮಂಚ ತಿರುಗಿಸಿದರು. ಮಂಚ ತಿರುಗಿಸಿದರೆ ಯಾರ ಗಂಟೂ ಹೋಗುವುದಿಲ್ಲ. ನಮ್ಮ ಅಳಿಯ ಬಾಗಿಲಿಗೆ ಇಟ್ಟಿಗೆ ಇಡಿಸಿದ.

ಸುದ್ದಿ ಕೇಳಿ ಪಾವಗಡದ ಮೇಲೆ ಹೋಗುವ ಬಸ್ಸು ಹತ್ತಿದೆ. ಅಂಗಡಿಗೆ ಈಗ ಹಿಂದಿನ ಓಣಿಯಿಂದ ಬರಬೇಕು. ಓಣಿಯಲ್ಲಿ ತಿಪ್ಪೆ, ತಿಪ್ಪೆಯಲ್ಲಿ ನಾಯಿ. ರೇಷ್ಮೆ ರವಿಕೆ ಹಿಡಿದುಕೊಂಡು ಯಾವ ಹೆಂಗಸು ಅಲ್ಲಿಗೆ ಬಂದಾಳು? ಎಲ್ಲರೂ ರಸ್ತೆಯ ಆಚೆ ಬದಿಯ ಟೈಲರ್ ಹತ್ತಿರ ನಿಂತಿದ್ದರು. ಮಗಳು ಮಿಷನ್ ಮುಂದೆ ಕೈ ಕಟ್ಟಿ ಕೂತಿದ್ದಳು.

"ಸೂರ್ಯ ಯಾವ ಕಡೆ ಹುಟ್ತಾನ್ಲಾ?" ಎಂದೆ ಅಳಿಯನಿಗೆ.

"ಪೂರ್ವಕ್ಕೆ."

"ಹೊಸಾ ಪೂರ್ವಕ್ಕೋ, ಹಳೇ ಪೂರ್ವಕ್ಕೋ?"

"ತಮಾಸೆ ಬ್ಯಾಡ ಅತ್ತೆ. ಸೈನ್ಸು ಇದು."

ನಾನಿದ್ದಾಗಲೇ ಆ ಜೀಪು ಮತ್ತೆ ಬಂತು. ಸಂಶೋಧನೆಯಿಂದ ಜನಕ್ಕೇನು ಪ್ರಯೋಜನವಾಯಿತು ಎಂದು ಅವಳ ಆಫೀಸಿನಲ್ಲಿ ಕೇಳಿದ್ದಾರಂತೆ. ಇಂಪ್ಯಾಕ್ಟ್ ಎನ್ನುತ್ತಾರಂತೆ ಅದಕ್ಕೆ. ಅದನ್ನು ಊರಿನವರ ಬಾಯಲ್ಲೇ ಹೇಳಿಸಿ ವಿಡಿಯೋ ಕಳಿಸಬೇಕು. ಅಳಿಯ ಇಸ್ತ್ರಿ ಅಂಗಿ ಹಾಕಿಕೊಂಡು ಕ್ಯಾಮೆರಾ ಮುಂದೆ ಕೂತ.

"ಮೇಡಂ ದಯದಿಂದ ನಮ್ಮ ಮನೆ ಬಾಗ್ಲು ಸರಿ ಹೋಯ್ತು," ಎಂದು ಮುಚ್ಚಿದ ಬಾಗಿಲಿನ ಕಡೆ ಕೈ ತೋರಿಸಿದ.

ಅವಳ ಮುಖ ಹುಳ್ಳಗಾಯಿತು. ಕ್ಯಾಮೆರಾ ನಿಲ್ಲಿಸಲು ಸನ್ನೆ ಮಾಡಿದಳು.

"ನಾವು ಹಾಗೆ ಹೇಳಿಲ್ಲ ಅಜ್ಜಿ. ಅದು ಕೋಟ್ಯಂತರ ವರ್ಷಗಳ ಹಿಂದಿನ ಮಾತು. ಮನೆಗೂ ಅದಕ್ಕೂ ಸಂಬಂಧವಿಲ್ಲ," ಎಂದು ನನ್ನ ಕಿವಿಯ ಹತ್ತಿರ ಹೇಳಿದಳು.

"ನನಗ್ಯಾಕಮ್ಮ ಹೇಳ್ತೀಯ? ಅಗೋ, ಅವನಿಗೆ ಹೇಳು. ಬಾಗ್ಲು ತೆಗಿ ಅನ್ನು."

"ಅವರವರ ನಂಬಿಕೆಗೆ ನಾವು ಕೈ ಹಾಕೋ ಹಾಗಿಲ್ಲ ಅಜ್ಜಿ."

"ಬಂಡೆಗೆ ಕೈ ಹಾಕಿದ್ಯಲ್ಲ. ಇವನು ಬಂಡೆಗಿಂತ ಗಟ್ಟಿನಾ?"

ಅವಳು ನಕ್ಕಳು. ದೊಡ್ಡ ಓದು ಓದಿದವರಿಗೆ ಇದೊಂದು ನಗು ಕಲಿಸಿರುತ್ತಾರೆ, ಏನು ಕೇಳಿದರೂ ಅದನ್ನೇ ಕೊಡುತ್ತಾರೆ. ಬೀದಿಯ ಮಕ್ಕಳನ್ನು ಬಂಡೆಯ ತೂತುಗಳ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿ, "ವಿಜ್ಞಾನ ನಮಗೆ ಇಷ್ಟ" ಎಂದು ಕೂಗಿಸಿ, ಅದನ್ನೇ ವಿಡಿಯೋ ತೆಗೆದುಕೊಂಡಳು. ನಾವು ಕೊಟ್ಟ ಕಾಫಿಯನ್ನು ಅರ್ಧ ಕುಡಿದಿಟ್ಟು ಹೋದಳು.

ಜೀಪು ತಿರುವು ದಾಟುವುದೇ ತಡ, ಅಳಿಯ ಎದೆ ಉಬ್ಬಿಸಿದ. "ನೋಡಿದ್ಯಾ ಅತ್ತೆ? ಬಾಗ್ಲು ತೋರಿಸ್ದೆ. ಮೇಡಮ್ಮೇ ತಪ್ಪು ಅನ್ಲಿಲ್ಲ!"

ಅಲ್ಲಿಯವರೆಗೆ ಅದು ಸಿದ್ಧಾಂತಿಯ ಮಾತಾಗಿತ್ತು, ಬೈದು ಬಿಡಿಸಬಹುದಿತ್ತು. ಈಗ ಓದಿದವಳ ಮೌನವೂ ಸೇರಿ ಗೋಡೆ ದಪ್ಪವಾಯಿತು. ಮಗಳು ಒಳಗೆ ಹೋಗಿ ಹೊಲಿಗೆ ಮಿಷನ್ನಿಗೆ ಹಳೇ ಸೀರೆ ಹೊದಿಸಿದಳು. ಇನ್ನು ಯಾರನ್ನೂ ಕೇಳಬಾರದು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅಳಿಯ ಹಾಲು ತರಲು ಹೋದ. ನಾನು ಪಕ್ಕದ ಮನೆಯಿಂದ ಹಾರೆ ಇಸಿದುಕೊಂಡು ಬಂದೆ. ಪುಣ್ಯಕ್ಕೆ ಜಿಪುಣ, ಸಿಮೆಂಟು ಬಿಟ್ಟು ಬರೀ ಮಣ್ಣಿನಲ್ಲಿ ಇಟ್ಟಿಗೆ ಇಡಿಸಿದ್ದ. ಮೇಲಿನ ಸಾಲಿನ ಸಂದಿಗೆ ಹಾರೆ ಕೊಟ್ಟು ಮೀಟಿದೆ. ಮಗಳು ಓಡಿ ಬಂದಳು.

"ಅವ್ವಾ, ಅವ್ರು ಬಂದ್ಬುಟ್ರೆ?"

"ಬರ್ಲಿ ಬಿಡೇ. ಇಟ್ಟಿಗೆ ಹೊರಾಕೆ ಒಬ್ರು ಬೇಕಲ್ಲ," ಎಂದು ಮೊದಲನೆಯ ಇಟ್ಟಿಗೆಯನ್ನು ಅವಳ ಕೈಗೆ ಕೊಟ್ಟೆ.