ಎರಡನೆಯ ಸರ್ವಿಸ್ ಇಲ್ಲದ ಆಟ

ಶಟಲ್‌ಕಾಕಿನ ತೂಕ ಸುಮಾರು ಐದು ಗ್ರಾಂ. ಗಂಗೊಳ್ಳಿಯ ಕಡಲಗಾಳಿಗೆ ಅದು ನಿಲ್ಲುವುದಿಲ್ಲ. ಹಾಗಾಗಿ 1997ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಗೋವರ್ಧನ ಬ್ಯಾಡ್ಮಿಂಟನ್ ಕಲಿತದ್ದು ಬಂದರಿನ ಪಕ್ಕದ ಮುಚ್ಚಿಹೋದ ಐಸ್ ಪ್ಲಾಂಟಿನೊಳಗೆ. ಮಗ ಬೋಟಿಗೆ ಹೋಗದೆ ಬ್ಯಾಟು ಹಿಡಿದದ್ದು ಮೀನು ಮಾರುವ ತಾಯಿ ಬೆಳ್ಳಿಗೆ ಸರಿ ಕಾಣಲಿಲ್ಲ. “ಕೋಳಿ ಪುಕ್ಕಕ್ಕ್ ಹೊಡ್ಕಂಡ್ ಇದ್ರೆ ಹೊಟ್ಟಿ ತುಂಬುತ್ತಾ ಮಗಾ?” ಎಂದಳು.

ತುಂಬಿತು, ಹೇಗೋ. ಬೆಳಿಗ್ಗೆ ಕುಂದಾಪುರದಲ್ಲಿ ಮಕ್ಕಳಿಗೆ ಕಲಿಸುವುದು, ಸಂಜೆ ರ‍್ಯಾಕೆಟ್ಟುಗಳಿಗೆ ಗಟ್ ತಂತಿ ಬಿಗಿಯುವುದು, ಭಾನುವಾರ ಕರೆದ ಕ್ಲಬ್ಬಿನ ಪರವಾಗಿ ಡಬಲ್ಸ್ ಆಡುವುದು. ಜೊತೆಗಾರ ಬ್ರಹ್ಮಾವರದ ಶೈಲೇಶ್. ಅವನದು ಹೊಡೆತ, ಇವನದು ತಾಳ್ಮೆ. ಆಗ ಸರ್ವಿಸ್ ಇದ್ದವರಿಗೆ ಮಾತ್ರ ಪಾಯಿಂಟ್. ಒಬ್ಬ ಸರ್ವಿಸ್ ಕಳೆದುಕೊಂಡರೆ ಜೊತೆಗಾರನಿಗೆ ಎರಡನೆಯ ಸರ್ವಿಸ್ ಸಿಗುತ್ತಿತ್ತು. ಆ ಎರಡನೆಯ ಸರ್ವಿಸಿನಲ್ಲೇ ಗೋವರ್ಧನ ಎಷ್ಟೋ ಆಟಗಳನ್ನು ಉಳಿಸಿದ್ದ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಜನ ಅವನನ್ನು ಗುರುತಿಸುತ್ತಿದ್ದುದು ಅದಕ್ಕೇ.

2006ರಲ್ಲಿ ನಿಯಮ ಬದಲಾಯಿತು. ಆಟ ಇಪ್ಪತ್ತೊಂದು ಪಾಯಿಂಟಿಗೆ, ಸರ್ವಿಸ್ ಯಾರದೇ ಇರಲಿ ಗೆದ್ದವರಿಗೆ ಪಾಯಿಂಟ್. ಎರಡನೆಯ ಸರ್ವಿಸ್ ಇಲ್ಲವೇ ಇಲ್ಲ.

ಹೊಸ ನಿಯಮದ ಮೊದಲ ಪಂದ್ಯ ಕುಂದಾಪುರದಲ್ಲಿ. ಶೈಲೇಶ್ ತನ್ನ ಸರ್ವಿಸ್ ಕಳೆದುಕೊಂಡ. ಗೋವರ್ಧನ ಕಾಕನ್ನು ಎತ್ತಿಕೊಂಡು, ಗರಿ ಸರಿಮಾಡಿ, ಸರ್ವಿಸಿಗೆ ನಿಂತ. ಎದುರಿನವರು ಕೈ ಚಾಚಿ ಕಾಯುತ್ತಿದ್ದರು.

“ಹ್ವಾಯ್, ಅದ್ ಅವ್ರಿಗ್ ಕೊಡ್ ಮಾರಾಯ!” ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಅದೇ ತಪ್ಪು ಮತ್ತೆ ಎರಡು ಸಲ ಆಯಿತು. ಆಮೇಲೆ ಬಲಗಡೆ ನಿಲ್ಲಬೇಕೋ ಎಡಗಡೆಯೋ ಎಂಬುದೂ ತಿಳಿಯದೆ ಅವನು ಪ್ರತಿ ಪಾಯಿಂಟಿಗೂ ಶೈಲೇಶನ ಮುಖ ನೋಡತೊಡಗಿದ. ಸೋತರು.

ಅವರನ್ನು ಕರೆಸುತ್ತಿದ್ದ ಬ್ರಹ್ಮಾವರದ ಕ್ಲಬ್ಬಿನ ಕಾರ್ಯದರ್ಶಿ ಭೋಜರಾಜರು ಕೋಪಿಸಿಕೊಳ್ಳಲಿಲ್ಲ. “ಮುಂದಿನ್ ತಿಂಗ್ಳ್ ಬೈಂದೂರಂಗ್ ಆಟ. ಅಲ್ಲಿ ಒಂದ್ ಸಲ ತಪ್ಪ್ ಜಾಗದಲ್ ನಿತ್ರೂ ಶೈಲೇಶನ್ ಒಟ್ಟಿಗೆ ಇನ್ಮೇಲೆ ವಿಶಾಲ್ ಆಡ್ತ. ಅಂವ ಸಣ್ಣ ಪ್ರಾಯದವ, ಹೊಸ ಲೆಕ್ಕ ಬೇಗ ಕಲ್ತವ” ಎಂದರು.

ಹೆಂಡತಿ ಪ್ರಭಾವತಿ ಅಂಪೈರು ಹಂಚಿದ್ದ ನಿಯಮದ ಹಾಳೆ ಓದಿದಳು. ಅಡುಗೆಮನೆಯ ನೆಲದಲ್ಲಿ ಸೀಮೆಸುಣ್ಣದ ಗೆರೆ ಎಳೆದು ಎರಡು ನೀರುಳ್ಳಿ, ಎರಡು ಬಟಾಟೆ ಇಟ್ಟಳು.

“ನೀರುಳ್ಳಿ ನೀವಿಬ್ರು. ಬಟಾಟೆ ಆಚಿಯವ್ರ್.”

“ನಾನ್ ಯಾವ್ದ್?”

“ಸಣ್ಣದ್. ಈಗ ಕಾಣಿ. ನೀವೇ ಸರ್ವಿಸ್ ಮಾಡಿ ಪಾಯಿಂಟ್ ತೆಗ್ದ್ರೆ ಮಾತ್ರ ಜಾಗ ಬದ್ಲ್. ಇಲ್ದಿರೆ ನಿತ್ತಲ್ಲೇ. ನಿಮ್ ಪಾಯಿಂಟ್ ಸಮ ಇದ್ರೆ ಬಲದವ ಸರ್ವಿಸ್, ಬೆಸ ಆದ್ರೆ ಎಡದವ. ಇಷ್ಟೇ.”

ಅಷ್ಟೇ ಹೌದು. ನೆಲದ ಮೇಲೆ ಒಂದು ವಾರದಲ್ಲಿ ಕಲಿತ. ಆದರೆ ಒಂಬತ್ತು ವರ್ಷ ಬೇರೆ ಲೆಕ್ಕಕ್ಕೆ ಒಗ್ಗಿದ ಕಾಲುಗಳು ತಲೆಯ ಮಾತು ಕೇಳಬೇಕಲ್ಲ. ಬಸ್ಸಿನಲ್ಲಿ ಕೂತಾಗಲೂ ತಾನು ಬಲಗಡೆಯ ಸೀಟಿನಲ್ಲಿರುವುದು ಸರಿಯೇ ಎಂದು ಅವನಿಗೆ ಅನುಮಾನ ಬರುತ್ತಿತ್ತು.

ಬೈಂದೂರಿನ ಪಂದ್ಯ ಕೊನೆಯ ಗೇಮಿಗೆ ಹೋಯಿತು. ಎರಡೂ ಕಡೆ ಹದಿನೆಂಟು. ಶೈಲೇಶ್ ಬಲಗಡೆಯಿಂದ ಸರ್ವಿಸ್ ಮಾಡಿ ಸೋತ, ಎದುರಿನವರಿಗೆ ಹತ್ತೊಂಬತ್ತು. ಅವರ ಸರ್ವಿಸಿನಲ್ಲಿ ಇವರು ಗೆದ್ದರು, ಎರಡೂ ಕಡೆ ಹತ್ತೊಂಬತ್ತು. ಶೈಲೇಶ್ ಕಾಕನ್ನು ತೆಗೆದುಕೊಂಡು ಬಲಗಡೆಯೇ ಸರ್ವಿಸಿಗೆ ಸಿದ್ಧನಾದ. ಹಳೆಯ ಆಟದಲ್ಲಿ ಸರ್ವಿಸ್ ಮರಳಿ ಬಂದಾಗಲೆಲ್ಲ ಬಲಗಡೆಯಿಂದಲೇ ಶುರು. ಅಂಪೈರು ಸ್ಕೋರ್ ಬರೆದುಕೊಂಡರು, ಎದುರಿನವರು ಸರ್ವಿಸ್ ಎದುರಿಸಲು ನಿಂತರು.

ಗೋವರ್ಧನ ಮನಸ್ಸಿನಲ್ಲೇ ನೀರುಳ್ಳಿಯ ಲೆಕ್ಕ ಹಾಕಿದ. ಹತ್ತೊಂಬತ್ತು ಬೆಸ. ಎಡಗಡೆ ಇರುವುದು ತಾನು. ಅಂದರೆ ಸರ್ವಿಸ್ ತನ್ನದು. ಆದರೆ ಇಷ್ಟು ಜನರಿಗೆ ಕಾಣದ ತಪ್ಪು, ತಿಂಗಳ ಹಿಂದೆ ಎಲ್ಲರ ನಗೆಗೆ ಗುರಿಯಾದ ತನಗೆ ಮಾತ್ರ ಕಾಣುವುದುಂಟೇ? ಸುಮ್ಮನಿದ್ದರೆ, ತಪ್ಪಾದರೂ ಅದು ಶೈಲೇಶನದು. ಬಾಯಿ ಬಿಟ್ಟು ತಪ್ಪಿದರೆ ನಾಳೆಯಿಂದ ವಿಶಾಲ್.

ಅವನು ಕೈ ಎತ್ತಿದ. “ಸರ್, ಸರ್ವಿಸ್ ನಂದ್ ಅಂದೇಳಿ ಕಾಣತ್ತ್.”

“ಎಂತ ಮತ್ತೆ ಶುರು ಮಾಡ್ದೆ ನೀನ್?” ಎಂದ ಶೈಲೇಶ್.

ಅಂಪೈರು ಸ್ಕೋರ್ ಹಾಳೆಯ ಮೇಲೆ ಬೆರಳಾಡಿಸಿದರು, ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು. “ಹೌದು. ಸರ್ವಿಸ್ ಗೋವರ್ಧನನದ್ದೇ” ಎಂದರು.

ಕಾಕು ಅವನ ಕೈಗೆ ಬಂತು. ಸರ್ವಿಸ್ ಮಾಡಿದ. ಅದು ನೆಟ್ಟಿಗೆ ತಾಗಿ ಅವನ ಕಡೆಯೇ ಬಿತ್ತು.

“ಸರ್ವಿಸ್ ಕೇಳಿ ತಕಂಡ್ ನೆಟ್ಟಿಗ್ ಹೊಡ್ದ್ನಲೆ!” ಎಂದು ಹಿಂದಿನಿಂದ ಒಬ್ಬ ಬೊಬ್ಬೆ ಹಾಕಿದ. ಮುಂದಿನ ಪಾಯಿಂಟೂ ಹೋಗಿ ಪಂದ್ಯ ಮುಗಿಯಿತು. ಶೈಲೇಶ್ ನೀರು ಕುಡಿಯಲು ಹೋದ.

ಗೋವರ್ಧನ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದಾಗ ಭೋಜರಾಜರು ಬಂದು ನಿಂತರು. ಅವನು ತಲೆ ಎತ್ತಲಿಲ್ಲ.

“ಭಾನುವಾರ ಒಂಬತ್ತ್ ಗಂಟಿಗೆ ಬ್ರಹ್ಮಾವರಕ್ಕ್ ಬಾ.”

“ಎಂತಕ್? ಸ್ಕೋರ್ ಬರಿಯೂಕಾ?”

“ಆಡೂಕೆ ಮಾರಾಯ. ತಪ್ಪ್ ಜಾಗದಲ್ ನಿತ್ರೆ ವಿಶಾಲ್ ಅಂದಿದ್ದೆ. ನೀನ್ ಹಾಂಗ್ ನಿತ್ಯಾ?”

“ಇಲ್ಲೆ. ಆದ್ರೆ ನಾವ್ ಸೋತ್ವಲೆ.”

“ಸೋಲೂದ್ ಬೇರೆ, ತಪ್ಪ್ ನಿಲ್ಲೂದ್ ಬೇರೆ” ಎಂದು ಅವರು ಹೊರಟರು. ಆ ಜೋಡಿ ಮುಂದೆ ಐದು ವರ್ಷ ಆಡಿತು. ಆ ದಿನ ಮಾತ್ರ ಗೋವರ್ಧನ, ಸೋತ ಮೇಲೂ ತನ್ನನ್ನು ಯಾಕೆ ಉಳಿಸಿಕೊಂಡರು ಎಂದು ಅರ್ಥವಾಗದೆ, ಗಂಗೊಳ್ಳಿಯ ಬಸ್ಸು ಬರುವ ತನಕ ಅಲ್ಲೇ ನಿಂತಿದ್ದ.