ಮೂಲೆಯ ಪ್ಲಗ್ಗು

ನಮ್ಮ ಬಾಗೇವಾಡಿಯಲ್ಲಿ ಮನೆಗೇ ಬಂದು ಕಾರು ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬರು ಬಾನೆಟ್ ತೆರೆಯುವ ಮೊದಲು ಉಂಗುರ ಬಿಚ್ಚಿ ನಮ್ಮ ತುಳಸಿಕಟ್ಟೆಯ ಮೇಲಿಡುತ್ತಿದ್ದರು. ಅವತ್ತು ಮುದ್ದೇಬಿಹಾಳದಲ್ಲಿ ಏಳು ತಿಂಗಳ ಬಸುರಿ ತಂಗಿಯ ಕುಬಸ, ಅಂದರೆ ಸೀಮಂತ. ಹಸಿರು ಬಳೆ ನಾನೇ ಒಯ್ಯಬೇಕು, ನಮ್ಮ ಹಳೆಯ ಕಾರು ನೋಡಿದರೆ ಬರೀ ಕೆಮ್ಮುತ್ತಿತ್ತು.

ಮೂರು ಸ್ಪಾರ್ಕ್ ಪ್ಲಗ್ಗು ಬದಲಾದವು. ನಾಲ್ಕನೆಯದು ಎಂಜಿನ್ನಿನ ಹಿಂದೆ, ಕಣ್ಣಿಗೆ ಬೀಳದ ಮೂಲೆಯಲ್ಲಿ. ಅವರ ದಪ್ಪ ಅಂಗೈ ಅಲ್ಲಿಗೆ ತೂರಲಿಲ್ಲ.

"ಅಕ್ಕಾರ, ನಿಮ್ಮ ಕೈ ಸಣ್ಣದೈತಿ. ಬಳಿ ಮ್ಯಾಲ ಏರಿಸಿ ಬರ್ರಿ."

"ನಾನಾ? ಕೆಟ್ಟರ ಏನ್ ಮಾಡೂದ್ರಿ?"

"ಸೊಟ್ಟ ಕುಂತ್ರ ಎಂಜಿನ್ನಾ ಕೆಡತೈತಿ. ಒತ್ತಾಯ ಮಾಡಬ್ಯಾಡ್ರಿ, ತಾನ ಕುಂದರತೈತಿ."

ಪ್ರತಿ ನಟ್ಟಿಗೂ ಅವರದು ಇದೇ ಮಾತು. ನಾನು ಪ್ಲಗ್ಗು ತಿರುಗಿಸುವಾಗ ಅವರು ಕಣ್ಣು ಮುಚ್ಚಿ ಗಾಳಿಯಲ್ಲಿ ಬೆರಳು ತಿರುಗಿಸುತ್ತಿದ್ದರು. ಎರಡು ಸಲ ಬಿಗಿಯಾಯಿತು, ಎರಡು ಸಲವೂ ಹಿಂದಕ್ಕೆ ತಿರುಗಿಸಲು ಹೇಳಿದರು. ಮೂರನೆಯ ಸಲ ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು! ಉದ್ದನೆಯ ಹಿಡಿಯ ಪಾನಾ ಹಾಕಿ ಅವರು ಬಿಗಿದರು. ಕಾರು ಶುರುವಾದಾಗ ಇಬ್ಬರೂ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದೆವು.

ಮಧ್ಯಾಹ್ನ ಮುದ್ದೇಬಿಹಾಳದಲ್ಲಿ ತಂಗಿಯ ಊದಿದ ಕೈಗೆ ಬಳೆ ಏರಲಿಲ್ಲ.

"ಜೋರ್ ಹಚ್ಚಿ ನೂಕವಾ!" ಅಂದರು ಹೆಂಗಸರು.

ಉಗುರಲ್ಲಿ ಆಯಿಲಿನ ಕಪ್ಪಿದ್ದ ನನ್ನ ಕೈಯಿಂದ ಬಳೆ ಹಿಂದಕ್ಕೆ ಸರಿಸಿ ಕಣ್ಣು ಮುಚ್ಚಿದೆ. "ಒತ್ತಾಯ ಮಾಡಬ್ಯಾಡ್ರಿ," ಅಂದೆ, "ತಾನ ಕುಂದರತೈತಿ."