ಅಗೆಲಿನ ಕೋಣೆಯಲ್ಲಿ ನಾನು

ಆ ದಿನ ಕೋಣೆಯಲ್ಲಿ ದೀಪ ಒಂದಿತ್ತೋ ಎರಡೋ, ಅಪ್ಪನ ಎಲೆ ಗೋಡೆಯ ಬದಿಗಿತ್ತೋ ನಡುವೆಯೋ, ಈಗ ಖಚಿತವಿಲ್ಲ. ಎಲ್ಲವನ್ನೂ ಫೋನಿನ ಪರದೆಯಲ್ಲಿ ನೋಡಿದ್ದು. ಕಾಣದ್ದನ್ನು ಮನಸ್ಸು ಆಮೇಲೆ ತುಂಬಿಕೊಂಡಿರಬಹುದು.

ಕತಾರಿನ ಅಲ್ ವುಕೈರ್‌ನ ನಮ್ಮ ಫ್ಲ್ಯಾಟಿನಲ್ಲಿ ಬೇಸಗೆಯ ಮಧ್ಯಾಹ್ನ ಎ.ಸಿ.ಯ ಸದ್ದೊಂದೇ. ಗಂಡ ಸೈಟಿಗೆ ಹೋದ ಮೇಲೆ ಸಂಜೆಯವರೆಗೆ ನಾನು ಮಾತಾಡುವುದು ಹೆಚ್ಚೆಂದರೆ ಕೆಳಗಿನ ಅಂಗಡಿಯವನೊಡನೆ, ಅದೂ ಅರೆಬರೆ ಮಲಯಾಳದಲ್ಲಿ. ಎಂ.ಎ.ಯಲ್ಲಿ ಭಾಷಾವಿಜ್ಞಾನ ಓದಿದವಳು, ಆ ಚಟ ಬಿಟ್ಟಿಲ್ಲ. ಆ ಆಟಿ ತಿಂಗಳಲ್ಲಿ, ಎಂದರೆ ಊರಿನ ಆಷಾಢದ ಹೊತ್ತಿನಲ್ಲಿ, ತಿಮುಕುವಾ ಎಂಬ ಭಾಷೆಯ ಬಗ್ಗೆ ಓದುತ್ತಿದ್ದೆ. ಒಂದು ಕಾಲಕ್ಕೆ ಅಮೆರಿಕದ ಫ್ಲೋರಿಡಾ ಕಡೆ ಆಡುತ್ತಿದ್ದ ಭಾಷೆ. ಈಗ ಆಡುವವರು ಯಾರೂ ಇಲ್ಲ. ಸ್ಪೇನಿನ ಪಾದ್ರಿಗಳು ಬರೆದಿಟ್ಟ ಪುಸ್ತಕಗಳಿಂದ ಅಷ್ಟಿಷ್ಟು ಗೊತ್ತು. ನಮ್ಮಲ್ಲಿ ಬಂದೆ, ಬಂದಿ, ಬಂದರು ಎಂದು ಕ್ರಿಯಾಪದದ ಬಾಲ ನೋಡಿದರೆ ಯಾರೆಂದು ತಿಳಿಯುತ್ತದೆ. ಅಲ್ಲಿ ‘ನಾನು’ ಎನ್ನುವ ‘ಹೋ’, ‘ನೀನು’ ಎನ್ನುವ ‘ಚಿ’ ಕ್ರಿಯಾಪದದ ತಲೆಗೇ ಅಂಟಿಕೊಳ್ಳುತ್ತವಂತೆ. ‘ಅವನು’, ‘ಅವಳು’ ಎನ್ನಲು, ಎದುರಿಗಿಲ್ಲದವರಿಗೆ, ಆ ಜಾಗ ಖಾಲಿ. ಪಾಪ ಒಪ್ಪಿಕೊಳ್ಳಲು ಬಂದವರನ್ನು ಪಾದ್ರಿಗಳು ಕೇಳುತ್ತಿದ್ದ ಪ್ರಶ್ನೆಗಳು ಪುಟಗಟ್ಟಲೆ ಉಳಿದಿವೆ: ನೀನು ಅದನ್ನು ಮಾಡಿದೆಯಾ, ನೀನು ಇದನ್ನು ನಂಬಿದೆಯಾ. ‘ನಾನು’ ಎಂದು ಯಾರಾದರೂ ಕೊಟ್ಟ ಉತ್ತರ ಉಳಿದಿದೆಯೇ ಎಂದು ಹುಡುಕುತ್ತಿದ್ದಾಗ ಅಕ್ಕನ ವಿಡಿಯೋ ಕಾಲ್ ಬಂತು.

ಊರಲ್ಲಿ ಅಂದು ಅಗೆಲು, ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವ ದಿನ. ಅಪ್ಪನಿಗೆ ಅದು ಮೊದಲನೆಯದು. ಅಪ್ಪ ಹೋದಾಗ ನಾನು ದೋಹಾದಿಂದ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಬಂದೆ ಎಂದು ಹೇಳುವುದಕ್ಕೂ ಆಗಲಿಲ್ಲವಲ್ಲ ಎಂದು ಅಕ್ಕನ ಹತ್ತಿರ ಅತ್ತಿದ್ದೆ.

ಅಕ್ಕ ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿದಳು. ಎಲೆಗಳ ಸಾಲು, ಕಡುಬು, ಕೋಳಿ ಸಾರು ಕಂಡವು.

“ಓ, ಕತಾರಿನವಳು ಬಂದಳಾ? ಅವಳಿಗೂ ಒಂದು ಎಲೆ ಹಾಕಿ ಮಾರಾಯ್ರೇ!” ಎಂದರು ಸೋದರಮಾವ.

“ಥೂ ಮಾವ, ನಿಮ್ಮ ಬಾಯಲ್ಲಿ ಒಳ್ಳೇದು ಬರುದೇ ಇಲ್ವಾ? ಈ ಎಲೆ ಯಾರಿಗೆ ಅಂತ ಗೊತ್ತುಂಟಲ್ಲ!” ಅಕ್ಕ ಗದರಿದಳು.

“ತಮಾಷೆ ಮಾಡಿದ್ದು. ನಿನಗೆ ಎಲೆ ಇಲ್ಲ ಮಗಾ. ನಿನಗೆ ಅಲ್ಲಿ ಖುಬ್ಬೂಸ್ ರೊಟ್ಟಿ ಉಂಟಲ್ಲ.”

ನಾನೂ ನಕ್ಕೆ.

ಮಾವ ಕೈಮುಗಿದು ಹಿರಿಯರನ್ನು ಒಬ್ಬೊಬ್ಬರನ್ನಾಗಿ ಕರೆದರು. ಕೊನೆಗೆ ಅಪ್ಪನನ್ನು: “ಭಾವ, ಬನ್ನಿ, ಉಣ್ಣಿ.” ಆಮೇಲೆ ಎಲ್ಲರೂ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಹಿರಿಯರು ಉಣ್ಣುವಾಗ ಬದುಕಿರುವವರು ನೋಡಬಾರದು. ಮತ್ತೆ ಒಳಗೆ ಬರಬೇಕಾದರೂ ಬಾಗಿಲು ತಟ್ಟಿಯೇ ಬರಬೇಕು.

ಫೋನು ಒಳಗೇ ಇತ್ತು.

ಕಾಲ್ ಕಟ್ ಮಾಡಬೇಕಿತ್ತು. ಬೆರಳು ಅಲ್ಲಿಯವರೆಗೆ ಹೋಯಿತು, ಒತ್ತಲಿಲ್ಲ. ಸಾರಿನಿಂದ ಹಬೆ ಏಳುತ್ತಿತ್ತು. ಬಾಗಿಲಾಚೆ ಮಾವ ಕೆಮ್ಮಿದರು. ನನ್ನ ಕಿಟಕಿಯಾಚೆ ಇನ್ನೂ ಬಿಸಿಲು, ರಸ್ತೆಯಲ್ಲಿ ಜನವಿಲ್ಲ. “ಅಪ್ಪಾ, ಯಾನ್ ಬೈದೆ,” ಎಂದೆ, ನಮ್ಮ ತುಳುವಿನಲ್ಲಿ. ನಾನು ಬಂದಿದ್ದೇನೆ ಎಂದು. ಅಂದೆನೋ, ಅನ್ನಬೇಕೆಂದುಕೊಂಡೆನೋ. ಅಂದಿದ್ದರೆ ನನ್ನ ದನಿ ಆ ಕೋಣೆಯಲ್ಲಿ ಕೇಳಿಸಿರಬೇಕು, ಹೊರಗೆ ನಿಂತವರಿಗೂ.

ಬಾಗಿಲು ತಟ್ಟಿದ ಸದ್ದಾಯಿತು. ಮೊದಲು ಒಳಗೆ ಬಂದವಳು ಅಕ್ಕ, ಸೀರೆ ನೋಡಿ ಗೊತ್ತಾಯಿತು. ಅವಳ ಮುಖ ಕಾಣುವ ಮೊದಲೇ ಕಾಲ್ ಕಡಿದುಹೋಯಿತು. ಸ್ವಲ್ಪ ಹೊತ್ತಿಗೆ ಎಲ್ಲರೂ ಊಟಕ್ಕೆ ಕೂತ ಫೋಟೊ ಕಳಿಸಿದಳು. ಮರೆತಿದ್ದರೆ ‘ಅಯ್ಯೋ, ಫೋನು ಅಲ್ಲೇ ಬಿಟ್ಟೆ ಮಾರಾಯ್ತಿ’ ಎಂದು ಬೊಬ್ಬೆ ಹಾಕುವವಳು ಅವಳು. ಆ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಮರುದಿನ ನಾನೇ ಬರೆದು ಕೇಳಿದೆ. ಓದಿದ್ದಾಳೆ. ಈಗಲೂ ಶುಕ್ರವಾರ ಶುಕ್ರವಾರ ಫೋನು ಮಾಡುತ್ತಾಳೆ, ಊಟ ಆಯ್ತಾ ಎನ್ನುತ್ತಾಳೆ, ಸೆಖೆ ಹೇಗುಂಟು ಎನ್ನುತ್ತಾಳೆ. ಅದಕ್ಕೊಂದಕ್ಕೆ ಮಾತ್ರ ಇನ್ನೂ ಉತ್ತರವಿಲ್ಲ:

“ಅಕ್ಕ, ಅವತ್ತು ಫೋನು ಮರೆತದ್ದಾ, ನನಗೆ ಅಂತ ಬಿಟ್ಟದ್ದಾ?”